ನಾನು ಬಡಿಯದ ರೊಟ್ಟಿ

ನಮ್ಮ ಮನೆಯ ಫ್ರಿಜ್ಜಿನ ತಲೆಯ ಮೇಲೆ ಒಂದು ಕಿವಿ ಕೂತಿದೆ. ನೋಡಲಿಕ್ಕೆ ಸಾಬೂನಿನ ಡಬ್ಬಿಯಷ್ಟೇ ಇದೆ. ಬಿಳಿ ಬಣ್ಣ, ಮೈತುಂಬ ಸಣ್ಣ ಸಣ್ಣ ತೂತು, ಒಳಗೊಂದು ಹಸಿರು ದೀಪ. ಅದಕ್ಕೇನೋ ಇಂಗ್ಲಿಷ್ ಹೆಸರಿದೆ, ನನ್ನ ನಾಲಿಗೆಗೆ ಹತ್ತುವುದಿಲ್ಲ, ಹಾಗಾಗಿ ಕಿವಿ ಅಂತಲೇ ಕರೆಯುತ್ತೇನೆ. ಮನೆಯಲ್ಲಿ ಏಳುವ ಸದ್ದುಗಳನ್ನೆಲ್ಲ ಕೇಳಿಸಿಕೊಂಡು, ಇದು ಕುಕ್ಕರು, ಇದು ನಲ್ಲಿ, ಇದು ಕೆಮ್ಮು ಎಂದು ಗುರುತು ಹಿಡಿದು, ಬಾಂದ್ರಾದಲ್ಲಿರುವ ನನ್ನ ಮಗಳ ಫೋನಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಫೋನಿನಲ್ಲಿ ಒತ್ತಿದರೆ ಆ ಸದ್ದಿನ ತುಣುಕೂ ಕೇಳಿಸುತ್ತದಂತೆ. ನಾನು ಮಲಾಡಿನಲ್ಲಿ ಸೀನಿದರೆ ಬಾಂದ್ರಾದಲ್ಲಿ ಗೊತ್ತಾಗುತ್ತದೆ. ಇಡೀ ನೌಕರಿಯನ್ನು ಈ ಊರಿನ ಕನ್ನಡ ಶಾಲೆಯೊಂದರಲ್ಲಿ ‘ಸದ್ದು, ಸದ್ದು’ ಎಂದು ಮಕ್ಕಳನ್ನು ಸುಮ್ಮನಾಗಿಸುವುದರಲ್ಲೇ ಕಳೆದವಳು ನಾನು. ಈಗ ನಾನು ಸುಮ್ಮನಾದರೆ ಮಗಳಿಗೆ ಗಾಬರಿಯಾಗುತ್ತದೆ.

ಈ ಕಿವಿ ಬಂದದ್ದು ಒಂದು ರಾಜಿಯ ಮೇಲೆ. ಕಳೆದ ಮಳೆಗಾಲದಲ್ಲಿ ಬಚ್ಚಲಲ್ಲಿ ಕಾಲು ಜಾರಿ ಕೂತೆ. ಬಿದ್ದೆ ಅನ್ನುವುದಿಲ್ಲ, ಕೂತೆ. ಆದರೆ ಏಳಲಿಕ್ಕೆ ಆಗದೆ ಬಹಳ ಹೊತ್ತು ಅಲ್ಲೇ ಇದ್ದದ್ದು ನಿಜ. ಮಗಳು ನೀಲಾ ಓಡಿ ಬಂದಳು. ಹೆಸರಿಟ್ಟದ್ದು ನೀಲಮ್ಮ ಅಂತ, ನಮ್ಮ ಅತ್ತೆಯವರ ಹೆಸರು. ಶಾಲೆಗೆ ಹೋದಮೇಲೆ ‘ಮ್ಮ’ವನ್ನು ಅವಳೇ ಕತ್ತರಿಸಿ ಹಾಕಿದಳು.

"ಬಸ್, ಅವ್ವ. ಈಗ ನೀನು ನಮ್ ಜೊತೆ ಬಾಂದ್ರಾದಲ್ಲೇ ಇರೋದು. ಫೈನಲ್" ಅಂದಳು.

"ನಾ ಬರಂಗಿಲ್ಲ" ಅಂದೆ.

ಬಾಂದ್ರಾದ ಮನೆ ಚೆನ್ನಾಗಿಲ್ಲ ಅಂತಲ್ಲ. ಅಳಿಯ ಗುಜರಾತಿ, ಬಂಗಾರದಂಥ ಮನುಷ್ಯ. ಆದರೆ ಅಲ್ಲಿ ನಾನು ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಯಾರಾದರೊಬ್ಬರು ನೀರು ತಂದುಕೊಡುತ್ತಾರೆ. ನನ್ನ ಮನೆಯಲ್ಲಿ ನೀರು ಎಲ್ಲಿದೆ, ಉಪ್ಪು ಎಲ್ಲಿದೆ, ಸಿಟ್ಟು ಬಂದಾಗ ಯಾವ ಪಾತ್ರೆ ಕುಕ್ಕಬೇಕು ಎನ್ನುವುದೆಲ್ಲ ನನಗೆ ಗೊತ್ತಿದೆ. ಒಂದು ಬೆಡ್‌ರೂಮಿನ ಈ ಫ್ಲ್ಯಾಟನ್ನು ನಾನೂ ನಮ್ಮವರೂ ಸಂಬಳದಲ್ಲಿ ಹೊಟ್ಟೆ ಕಟ್ಟಿ ಕೊಂಡದ್ದು. ಅವರು ಹೋದದ್ದೂ ಇಲ್ಲಿಂದಲೇ. ಇದನ್ನು ಬಿಟ್ಟು ಇನ್ನೊಬ್ಬರ ಮನೆಯ ಸೋಫಾದ ಮೇಲೆ ಕೈಕಟ್ಟಿ ಕೂಡುವುದೆಂದರೆ ನನಗೆ ಜೀವವೇ ಬೇಡವೆನಿಸುತ್ತದೆ. ಕೆಲಸಕ್ಕೆ ಬಾಯಿಯನ್ನಾದರೂ ಇಟ್ಟುಕೋ ಅಂದಳು ನೀಲಾ. ಈ ಊರಿನಲ್ಲಿ ಮನೆಗೆಲಸದವಳಿಗೆ ಬಾಯಿ ಅನ್ನುತ್ತಾರೆ. ಅದಕ್ಕೂ ಒಲ್ಲೆ ಅಂದೆ. ಕೊನೆಗೆ ಈ ಕಿವಿಯನ್ನು ತಂದಳು. ಕಿವಿ ಇರುವತನಕ ನಾನು ಮಲಾಡಿನಲ್ಲಿ ಇರಬಹುದು, ಕಿವಿಯಿಂದ ಆಗದಿದ್ದರೆ ಬಾಂದ್ರಾಕ್ಕೆ ಬಾಯಿ ಮುಚ್ಚಿಕೊಂಡು ನಡೆಯಬೇಕು. ಹೂಂ ಅಂದೆ. ಇಷ್ಟು ಚಿಕ್ಕ ಡಬ್ಬಿಗೆ ಹೆದರುವವಳೇ ನಾನು?

ಮೊದಮೊದಲು ಅದಕ್ಕೆ ಅ ಆ ಇ ಈ ಕಲಿಸಬೇಕಾಯಿತು. ಒಂದನೇ ಇಯತ್ತೆಗೆ ಹೊಸದಾಗಿ ಸೇರಿದ ಹುಡುಗರೂ ಅಷ್ಟು ಪ್ರಶ್ನೆ ಕೇಳಿರಲಿಕ್ಕಿಲ್ಲ. ಇದು ಯಾವ ಸದ್ದು, ಅದು ಯಾವ ಸದ್ದು ಎಂದು ನೀಲಾಳ ಫೋನಿಗೆ ಕೇಳುತ್ತಿತ್ತು, ಅವಳು ನನಗೆ ಫೋನ್ ಮಾಡಿ ಕೇಳುತ್ತಿದ್ದಳು. ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಗೋಡೆ ಒಡೆದು ಹೊಸದು ಮಾಡಿಸುತ್ತಿದ್ದಾರೆ, ಹಗಲೆಲ್ಲ ಡ್ರಿಲ್ಲಿಂಗ್. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳಿಕೊಟ್ಟದ್ದಾಯಿತು. ಆದರೆ ಮೊದಲ ದಿನ ನಾನು ರೊಟ್ಟಿ ಬಡಿದಾಗ ಮಾತ್ರ, ಮನೆಯಲ್ಲಿ ಯಾರೋ ಬಿದ್ದಿದ್ದಾರೆಂದು ಅದು ವರದಿ ಒಪ್ಪಿಸಿಬಿಟ್ಟಿತು. ಒಮ್ಮೆ ಅಲ್ಲ, ಒಂದೊಂದು ಬಡಿತಕ್ಕೂ ಬಿದ್ದಳು, ಬಿದ್ದಳು, ಮತ್ತೆ ಬಿದ್ದಳು ಎಂದು. ನೀಲಾ ಆಫೀಸು ಬಿಟ್ಟು ರಿಕ್ಷಾ ಹಿಡಿದು ಬಂದಾಗ ನಾನು ಎರಡನೆಯ ರೊಟ್ಟಿಗೆ ಬದನೆಕಾಯಿ ಹಚ್ಚಿಕೊಂಡು ಕೂತಿದ್ದೆ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯದೆ ಒಂದು ರೊಟ್ಟಿ ತಿಂದಳು. ಆಮೇಲೆ ನನ್ನ ಕೈಯಿಂದ ಇನ್ನೆರಡು ಬಡಿಸಿ, ಆ ಸದ್ದಿಗೆ ‘ರೊಟ್ಟಿ’ ಎಂದು ಹೆಸರು ಕೊಟ್ಟು ಹೋದಳು.

ಅದಕ್ಕೇನು ಗೊತ್ತು ಪಾಪ, ರೊಟ್ಟಿಯ ಸದ್ದೆಂದರೆ ಏನೆಂದು. ವಿಜಾಪುರದ ಕಡೆ ನಮ್ಮ ಓಣಿಯಲ್ಲಿ ಬೆಳಗಾಯಿತು ಅನ್ನುವುದು ಅದರಿಂದಲೇ. ಯಾರ ಮನೆಯಲ್ಲಿ ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂಬುದನ್ನು ನಮ್ಮಜ್ಜಿ ಹಾಸಿಗೆಯಲ್ಲಿ ಮಲಗಿಯೇ ಹೇಳುತ್ತಿದ್ದಳು. ನಮ್ಮವ್ವನಿಗೆ ಅಪ್ಪನ ಮೇಲೆ ಸಿಟ್ಟು ಬಂದರೆ ಬಾಯಿ ಬಿಡುತ್ತಿರಲಿಲ್ಲ, ರೊಟ್ಟಿಗೆ ಏಟು ಜಾಸ್ತಿ ಬೀಳುತ್ತಿತ್ತು. ಅಂಥ ದಿನದ ರೊಟ್ಟಿ ಹಾಳೆಯಷ್ಟು ತೆಳ್ಳಗಾಗಿ ಬಹಳ ರುಚಿಯಾಗಿರುತ್ತಿತ್ತು. ಹಾಗಾಗಿ ಅವರಿಬ್ಬರೂ ಜಗಳಾಡಲಿ ಎಂದು ನಾನೂ ನನ್ನ ತಮ್ಮನೂ ದೇವರಿಗೆ ಕೈಮುಗಿದದ್ದುಂಟು. ಮದುವೆಯಾಗಿ ಬೈಕುಲ್ಲಾದ ಚಾಳಿಗೆ ಬಂದಾಗ ನನಗೆ ಮರಾಠಿ ಬಾರದು, ಹಿಂದಿಯಂತೂ ದೂರವೇ ಉಳಿಯಿತು. ಪಕ್ಕದ ಖೋಲಿಯ ಮೌಶಿ ಗೋಡೆಯಾಚೆ ಭಾಕರಿ ಬಡಿಯುತ್ತಿದ್ದಳು, ನಾನು ಈಚೆ ರೊಟ್ಟಿ ಬಡಿಯುತ್ತಿದ್ದೆ. ಎಷ್ಟೋ ತಿಂಗಳು ನಾವಿಬ್ಬರೂ ಆಡಿದ ಮಾತು ಅಷ್ಟೇ. ಎಲ್ಲಿಂದ ಎಲ್ಲಿಗೋ ಹೋದೆ ನೋಡಿ. ಹೇಳಲಿಕ್ಕೆ ಹೊರಟದ್ದು ಬೇರೆ.

ದೀಪಾವಳಿ ಕಳೆದ ಮೇಲೆ ನನ್ನ ಬಲಗೈ ಮಣಿಕಟ್ಟು ಕೈಕೊಟ್ಟಿತು. ಹಿಟ್ಟು ನಾದುವುದಿರಲಿ, ಬಾಗಿಲ ಚಿಲಕ ತೆಗೆಯುವಾಗಲೂ ಜೀವ ಬಾಯಿಗೆ ಬರುತ್ತಿತ್ತು. ನೀಲಾಳಿಗೆ ಹೇಳಿದೆನೇ? ಇಲ್ಲ. ಹೇಳಿದರೆ ಮುಂದಿನ ಮಾತು ಬಾಂದ್ರಾ. ಹಂಚು ಕಟ್ಟೆಯಿಂದ ಇಳಿಸಿ ಕೆಳಗೆ ಸೇರಿಸಿದೆ. ಕನ್ನಡದವರ ಅಂಗಡಿಯಿಂದ ಒಣಗಿಸಿದ ಖಟಕ್ ರೊಟ್ಟಿಯ ಕಟ್ಟು ತಂದಿಟ್ಟುಕೊಂಡೆ. ಕಿವಿಗೆ ರೊಟ್ಟಿಯ ಸದ್ದು ಕೇಳಿಸದಿದ್ದರೆ ನೀಲಾಳ ಫೋನ್ ಬರುವುದು ಖಂಡಿತ. ಏನು ಸುಳ್ಳು ಹೇಳಬೇಕೆಂದು ಸಿದ್ಧ ಮಾಡಿಕೊಂಡು ಕಾದೆ. ಫೋನ್ ಬಂತು.

"ಅವ್ವ, ಡೇಲಿ ಟೈಮ್‌ಗೆ ರೊಟ್ಟಿ ಮಾಡ್ತಾ ಇದೀಯಾ. ಗುಡ್. ನಂಗೆ ಖುಷಿ ಆಗತ್ತೆ."

ನನ್ನ ಬಾಯಿಗೆ ಬಂದ ಸುಳ್ಳು ಅಲ್ಲೇ ನಿಂತಿತು. "ಇವತ್ತೂ ಬಂತೇನ?" ಅಂದೆ.

"ಹಾಂ, ಇವತ್ತು, ನಿನ್ನೆ, ಪರಸೋ ಭೀ. ಯಾಕೆ?"

"ಏನಿಲ್ಲ, ಸುಮ್ನ ಕೇಳಿದೆ" ಎಂದು ಫೋನಿಟ್ಟೆ.

ಆಮೇಲೆ ಶುರುವಾಯಿತು ನೋಡಿ ನನ್ನ ಫಜೀತಿ. ರೊಟ್ಟಿ ಬಡಿದಿಲ್ಲ ಎಂದು ನಾನು ಹೇಳುತ್ತೇನೆ, ಬಡಿದಿದ್ದಾಳೆ ಎಂದು ಯಂತ್ರ ಹೇಳುತ್ತದೆ. ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನು? ಹಾಗಾದರೆ ನಾನೇ ಬೆಳಿಗ್ಗೆ ಎದ್ದು ಬಡಿದು, ತಿಂದು, ಮರೆತುಬಿಟ್ಟೆನೇ? ನಮ್ಮ ಸೋದರತ್ತೆಯೊಬ್ಬಳು ಹೀಗೇ ಊಟ ಮಾಡಿ ಕೈತೊಳೆದು ಬಂದು, ನನಗಿನ್ನೂ ಉಣ್ಣಲಿಕ್ಕೆ ಹಾಕಿಲ್ಲ ಎಂದು ಅಳುತ್ತಿದ್ದಳು. ಅರಳು ಮರಳು ಎಂದು ನಾವೆಲ್ಲ ನಕ್ಕಿದ್ದೆವು. ಈಗ ನಗು ಬರಲಿಲ್ಲ. ಮಣಿಕಟ್ಟು ಹೋದರೆ ಬಾಂದ್ರಾಕ್ಕೆ ಹೋಗಬೇಕಾದೀತು. ತಲೆಯೇ ಹೋದರೆ ಬಾಂದ್ರಾ ಯಾವುದು, ಮಲಾಡು ಯಾವುದು ಎನ್ನುವುದೂ ಉಳಿಯುವುದಿಲ್ಲವಲ್ಲ.

ನನ್ನ ಪರೀಕ್ಷೆ ನಾನೇ ತೆಗೆದುಕೊಂಡೆ. ಮಾಸ್ತರಿಕೆಯ ಚಟ. ಹತ್ತೊಂಬತ್ತರ ಮಗ್ಗಿ ಹೇಳಿದೆ, ಸರಿಯಾಗಿ ಬಂತು. ಪ್ರಭವ, ವಿಭವ ಎಂದು ಸಂವತ್ಸರಗಳ ಹೆಸರು ಹೇಳುತ್ತ ಹೋದೆ, ಚಿತ್ರಭಾನುವಿನ ಹತ್ತಿರ ಬಂದು ನಿಂತೆ. ಮತ್ತೆ ಪ್ರಭವದಿಂದ ಶುರುಮಾಡಿದೆ, ಮತ್ತೆ ಅಲ್ಲೇ ನಿಂತೆ. ಆಮೇಲೆ ನೆನಪಾಯಿತು, ನಾನು ಚಿಕ್ಕಂದಿನಿಂದಲೂ ಚಿತ್ರಭಾನುವಿನ ಹತ್ತಿರವೇ ನಿಲ್ಲುತ್ತಿದ್ದೆ. ಅದು ನೆನಪಿದ್ದದ್ದಕ್ಕೆ ಸಂತೋಷಪಡಬೇಕೋ, ಮುಂದಿನದು ನೆನಪಿಲ್ಲದ್ದಕ್ಕೆ ದುಃಖಪಡಬೇಕೋ ತಿಳಿಯಲಿಲ್ಲ.

ಮತ್ತೊಂದು ಉಪಾಯ ಮಾಡಿದೆ. ಜೋಳದ ಹಿಟ್ಟಿನ ಡಬ್ಬಿ ತೆಗೆದು, ಹಿಟ್ಟನ್ನು ಸಪಾಟು ಮಾಡಿ, ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಿಟ್ಟೆ. ನಾನು ಮೈಮರೆತು ಹಿಟ್ಟು ತೆಗೆದರೆ ಗೆರೆ ಅಳಿಸಲೇಬೇಕು. ಮರುದಿನ ಮುಚ್ಚಳ ತೆಗೆದು ನೋಡಿದರೆ ಗೆರೆ ಇದ್ದಹಾಗೇ ಇತ್ತು. ಅಬ್ಬಾ ಎಂದು ಉಸಿರುಬಿಟ್ಟೆ. ನೀಲಾಳಿಗೆ ಫೋನ್ ಮಾಡಿ, "ಇವತ್ತ ರೊಟ್ಟಿ ಬಂತೇನ?" ಅಂದೆ.

"ಬಂತಲ್ಲ. ಅವ್ವ, ನೀ ಡೇಲಿ ಯಾಕೆ ಕೇಳ್ತೀ? ಆರ್ ಯು ಓಕೆ?"

ಉಸಿರು ಮತ್ತೆ ಒಳಗೆ ಹೋಯಿತು. ಗೆರೆಯೂ ಇದೆ, ರೊಟ್ಟಿಯೂ ಬಂದಿದೆ. ಅತ್ತೆಯವರ ಫೋಟೋದತ್ತ ಒಮ್ಮೆ ನೋಡಿದೆ. ದೆವ್ವ ಭೂತ ನಂಬುವವಳಲ್ಲ ನಾನು, ಆದರೆ ಅವರು ರೊಟ್ಟಿ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಂಗಡಿಯ ರೊಟ್ಟಿ ತರುವ ಸೊಸೆಯನ್ನು ಸುಮ್ಮನೆ ಬಿಡುವ ಪೈಕಿ ಅಲ್ಲ.

ಮಾರನೆಯ ಬೆಳಿಗ್ಗೆ ಹಾಲಿನವನು ಬೆಲ್ ಮಾಡಿ ಹೋದಮೇಲೆ, ಇದನ್ನು ಇತ್ಯರ್ಥ ಮಾಡಿಯೇ ಬಿಡುತ್ತೇನೆಂದು ಅಡುಗೆಮನೆಯಲ್ಲಿ ಕಾವಲು ನಿಂತೆ. ಏನೂ ಕೇಳಿಸಲಿಲ್ಲ. ನನ್ನ ಕಿವಿ ಸ್ವಲ್ಪ ಮಂದ ಎಂದು ನೀಲಾ ಹೇಳುತ್ತಾಳೆ. ಮಕ್ಕಳ ಗದ್ದಲ ಕೇಳಿ ಕೇಳಿ ಸವೆದಿದೆ ಅಷ್ಟೇ ಎಂದು ನಾನು ಹೇಳುತ್ತೇನೆ. ನಿಂತು ಸೊಂಟ ಸೋತು, ಎಡಗೈಯನ್ನು ಗೋಡೆಗೆ ಊರಿದೆ. ಅಂಗೈಗೆ ತಟ್ ತಟ್ ತಟ್ ಎಂದು ಹತ್ತಿತು. ಕೈ ತೆಗೆದೆ, ಇಲ್ಲ. ಮತ್ತೆ ಇಟ್ಟೆ, ಬಂತು. ತಪ್ಪುವ ಮಾತೇ ಇಲ್ಲ, ಅದು ರೊಟ್ಟಿ. ಸದ್ದು ಬರುತ್ತಿದ್ದದ್ದು ಮೇಲಿನಿಂದ.

ಇದ್ದ ಸೀರೆಯಲ್ಲೇ ಲಿಫ್ಟ್ ಹತ್ತಿದೆ. ಮೇಲಿನ ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಒಡೆದ ಇಟ್ಟಿಗೆ, ಸಿಮೆಂಟಿನ ಚೀಲ, ಅವುಗಳ ಮಧ್ಯೆ ನನ್ನ ಅಡುಗೆಮನೆಯ ನೆತ್ತಿಯ ಮೇಲೆ ನೆಲಕ್ಕೆ ಕೂತು ಒಬ್ಬ ಹೆಣ್ಣುಮಗಳು ಪ್ಲೈವುಡ್ಡಿನ ತುಂಡಿನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಸಣ್ಣ ಗ್ಯಾಸು, ಕಪ್ಪು ಹಂಚು. ನನ್ನನ್ನು ಕಂಡವಳೇ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಯಾವೂರವ್ವ ನಿಂದು?" ಅಂದೆ. ಹಿಂದಿ ಮಾತಾಡಬೇಕೆಂದು ತೋಚಲೇ ಇಲ್ಲ.

"ಸುರಪುರ ಕಡೀಗ್ರಿ. ಶರಣವ್ವ ಅಂತಾರ್ರಿ. ಗಂಡ ಹೆಂಡ್ತಿ ಇಲ್ಲೇ ಕೆಲಸ ಮಾಡ್ಲಾಕತ್ತೀವ್ರಿ. ಸದ್ದ ಬಾಳ ಆಗ್ಲಾಕತ್ತದೇನ್ರಿ ಯವ್ವಾ? ಸೊಸೈಟ್ಯಾಗ ಹೇಳಬ್ಯಾಡ್ರಿ. ಇಲ್ಲಿ ಒಲಿ ಹಚ್ಚಬ್ಯಾಡಂತ ವಾಚ್‌ಮನ್ ಅಂದಾನ್ರಿ. ಹೊರಗ ವಡಾಪಾವ್ ತಿಂದು ಇಟ್ಟಂಗಿ ಹೊರಲಾಕ ಆಗಂಗಿಲ್ರಿ."

"ನಾ ಯಾರಿಗೂ ಹೇಳಂಗಿಲ್ಲ. ನೀ ಬಡಿ. ಯಾವಾಗಿಂದ ಬಡಿಯಾಕತ್ತಿ ಇಲ್ಲಿ?"

"ದೀಪಾವಳಿ ಆಗಿ ಬಂದೀವ್ರಿ."

ಸಿಮೆಂಟಿನ ಚೀಲದ ಮೇಲೆ ಕೂತುಬಿಟ್ಟೆ. ನನ್ನ ತಲೆ ನೆಟ್ಟಗಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅವಳು ಗಾಬರಿಯಾಗಿ ನೀರು ಕೊಟ್ಟಳು, ಆಮೇಲೆ ಹಂಚಿನ ಮೇಲಿನ ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಕೊಟ್ಟಳು. ತಿನ್ನುತ್ತ ತಿನ್ನುತ್ತ ಕಿವಿಯ ಕತೆಯನ್ನೆಲ್ಲ ಹೇಳಿದೆ. ಫ್ರಿಜ್ಜಿನ ಮೇಲೆ ಕೂತದ್ದಕ್ಕೆ ನನಗಿಂತ ಇವಳೇ ಹತ್ತಿರ, ಹಾಗಾಗಿ ಇವಳ ರೊಟ್ಟಿಯನ್ನು ನನ್ನ ಹೆಸರಿಗೆ ಬರೆದುಕೊಂಡಿದೆ.

ಶರಣವ್ವ ಕೈ ನಿಲ್ಲಿಸಿದಳು. "ಅಂದ್ರ ನಾ ಇಲ್ಲಿ ರೊಟ್ಟಿ ಬಡದ್ರ ನಿಮ್ಮ ಮಗಳಿಗಿ ಬಾಂದ್ರಾದಾಗ ಕೇಳಸ್ತದೇನ್ರಿ?"

"ಹೂಂ."

"ಊರಾಗ ನನ್ನ ಮಗಳದಾಳ್ರಿ, ನಮ್ಮತ್ತಿ ಬಲ್ಲಿ ಬಿಟ್ಟ ಬಂದೀನ್ರಿ. ಆಕಿಗೂ ಒಂದೀಟು ಕೇಳಸ್ತದೇನ್ರಿ?"

ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಕೇಳಿ ನೋಡುತ್ತೇನೆ ಅಂದೆ. ಈವರೆಗೂ ಕೇಳಿಲ್ಲ.

ಮುಂದಿನ ದಿನಗಳು ಬಹಳ ಮಜವಾಗಿದ್ದವು ಎಂದರೆ ನೀವು ಬೈಯಬಾರದು. ಹಾಲಿನವನು ಹೋದಕೂಡಲೇ ಮೇಲೆ ಹೋಗುವುದು, ಬಿಸಿ ರೊಟ್ಟಿ ತಿನ್ನುವುದು, ಕೆಳಗಿನಿಂದ ಮಾಡಿಕೊಂಡು ಹೋದ ಪಲ್ಯ ಶರಣವ್ವನಿಗೂ ಅವಳ ಗಂಡನಿಗೂ ಕೊಡುವುದು. ಮಣಿಕಟ್ಟಿಗೂ ವಿಶ್ರಾಂತಿ, ಕಿವಿಗೂ ಸಮಾಧಾನ, ಮಗಳಿಗೂ ನೆಮ್ಮದಿ. ಯಾರಿಗೂ ಲುಕ್ಸಾನಿಲ್ಲ. ದೇವರೇ ಮೇಲಿನ ಫ್ಲ್ಯಾಟು ಒಡೆಸಿ ಈ ವ್ಯವಸ್ಥೆ ಮಾಡಿದ್ದಾನೆ ಅಂದುಕೊಂಡೆ.

ಒಂದು ಸಂಜೆ ನೀಲಾ ಫೋನಿನಲ್ಲಿ ಅಂದಳು, "ಮೊದಲು ನಾನು ದಿನಾ ಪೂರಾ ಫೋನ್ ನೋಡ್ತಾ ಇದ್ದೆ ಅವ್ವ, ಮೀಟಿಂಗಲ್ಲೂ. ಈಗ ಬೆಳಿಗ್ಗೆ ರೊಟ್ಟಿ ಬಂತು ಅಂದ್ರೆ ಫೋನ್ ಬ್ಯಾಗಲ್ಲಿ ಇಟ್‌ಬಿಡ್ತೀನಿ. ಟೆನ್ಶನ್ ಖತಮ್."

ಒಳ್ಳೆಯದಾಯಿತು ಅಂದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಚೆಲ್ಲಿದ ನೀರಿನ ಮೇಲೆ ನನ್ನ ಕಾಲು ಸರ್ರನೆ ಜಾರಿತು. ಎಡಗೈಗೆ ಫ್ರಿಜ್ಜಿನ ಹಿಡಿಕೆ ಸಿಕ್ಕಿ ಬಚಾವಾದೆ. ಹಿಡಿಕೆಯನ್ನು ಬಿಡದೆ ನಿಂತಿದ್ದಾಗ ಅದರ ಮೈಯೊಳಗಿಂದ ಅಂಗೈಗೆ ಹತ್ತಿತು, ತಟ್ ತಟ್ ತಟ್. ನಾನು ಬಿದ್ದಿದ್ದರೆ ಒಂದು ಸದ್ದು ಆಗುತ್ತಿತ್ತು, ಆ ಸದ್ದು ಇಷ್ಟೊಂದು ರೊಟ್ಟಿಗಳ ನಡುವೆ ಇನ್ನೊಂದು ರೊಟ್ಟಿಯಾಗುತ್ತಿತ್ತು. ನಾನು ಕೆಳಗೆ ಬಿದ್ದಿರುವಾಗ ಅವ್ವ ಆರಾಮಾಗಿದ್ದಾಳೆಂದು ನೀಲಾ ಫೋನನ್ನು ಬ್ಯಾಗಿನೊಳಗೆ ಇಡುತ್ತಿದ್ದಳು. ಸಂಜೆ ಗೊತ್ತಾದಮೇಲೆ ಆ ಹುಡುಗಿ ಜೀವಮಾನವಿಡೀ ಏನೆಂದುಕೊಳ್ಳಬೇಕು? ನನಗೆ ಬಹಳ ಭಯವಾಯಿತು. ಬೀಳುವುದರ ಭಯವಲ್ಲ, ಅದು.

ಹೇಳಿದರೆ ಕಿವಿಯ ಮೇಲಿನ ನಂಬಿಕೆ ಹೋಗುತ್ತದೆ, ಅದರ ಹಿಂದೆ ಈ ಮನೆಯೂ ಹೋಗುತ್ತದೆ. ಹೇಳದಿದ್ದರೆ ಮಗಳನ್ನು ನಾನೇ ಕೈಯಾರೆ ಮೋಸಕ್ಕೆ ತಳ್ಳಿದಂತೆ. ಎರಡು ದಿನ ತಲೆ ಗೊಂದಲದ ಗೂಡಾಯಿತು. ಚಹಾಕ್ಕೆ ಉಪ್ಪು ಹಾಕಿದೆ. ಕೊನೆಗೆ ಭಾನುವಾರ ಬಾ, ಒಂದು ಮಾತಿದೆ ಎಂದು ಫೋನ್ ಮಾಡಿದೆ.

ನೀಲಾ ಬಂದಳು. ಚಹಾ ಕುಡಿಯುವತನಕ ಕಾದು, ಒಂದೇ ಉಸಿರಿನಲ್ಲಿ ಹೇಳಿದೆ. "ನೀಲಾ, ದಿನಾ ನೀ ಕೇಳ್ತಿಯಲ್ಲ, ಆ ರೊಟ್ಟಿ ನಾ ಬಡದದ್ದಲ್ಲ. ನನಗ ಕೈ ಬರಂಗಿಲ್ಲ. ಭಾಳ ದಿನಾತು."

ಅವಳು ಕೋಪ ಮಾಡಿಕೊಳ್ಳುತ್ತಾಳೆಂದುಕೊಂಡಿದ್ದೆ. ಅವಳು ನಕ್ಕಳು.

"ನಂಗೆ ಗೊತ್ತು ಅವ್ವ."

"ಏನ್ ಗೊತ್ತು?"

"ನಾ ಕ್ಲಿಪ್ ಕೇಳ್ತೀನಲ್ಲ, ಲೋಕಲ್ ಟ್ರೇನ್‌ನಲ್ಲಿ ಡೇಲಿ. ನೀನು ಬಡಿಯೋದು ಲಾಸ್ಟ್‌ನಲ್ಲಿ ಫಾಸ್ಟ್ ಆಗತ್ತೆ. ಇದು ಹಾಗೆ ಇಲ್ಲ. ಒನ್ ಡೇ ಕೇಳಿದ್ ಕೂಡ್ಲೇ ಗೊತ್ತಾಯ್ತು, ಇದು ಅವ್ವನ ಹಾಥ್ ಅಲ್ಲ ಅಂತ."

"ಮತ್ತ ಯಾಕ ಕೇಳಲಿಲ್ಲ?"

"ಬೆಳಿಗ್ಗೆ ಬೆಲ್ ಬರತ್ತೆ, ಆಮೇಲೆ ರೊಟ್ಟಿ ಬರತ್ತೆ. ನಾನು ಅಂದ್ಕೊಂಡೆ, ನೀ ಚುಪ್‌ಚಾಪ್ ಒಬ್ಬರು ಬಾಯಿನ ಇಟ್ಕೊಂಡಿದೀಯಾ. ನನಗೆ ಹೇಳೋಕೆ ನಿಂಗೆ ಶರಮ್. ಕೇಳಿದ್ರೆ ನೀ ಅವಳನ್ನ ಬಿಡಿಸ್‌ಬಿಡ್ತೀಯಾ. ಅದಕ್ಕೆ ಕೇಳಲಿಲ್ಲ. ಬೆಳಿಗ್ಗೆ ಯಾರೋ ಒಬ್ಬರು ಬರ್ತಾರೆ, ಅವ್ವನಿಗೆ ಬಿಸಿ ಬಿಸಿ ಮಾಡಿ ಹಾಕ್ತಾರೆ, ಎರಡು ಮಾತಾಡ್ತಾರೆ ಅಂತ ಐ ವಾಸ್ ಸೋ ಹ್ಯಾಪಿ."

ನಾನು ಪೆಚ್ಚಾದೆ. ಬೆಲ್ಲು ಹಾಲಿನವನದು, ರೊಟ್ಟಿ ಮೇಲಿನ ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳದು, ನಮ್ಮ ಮನೆಗೆ ಯಾರೂ ಬರುವುದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ಅವಳ ಮುಖದ ನಗು ಇಳಿಯುತ್ತ ಹೋಯಿತು.

"ಅಂದ್ರೆ" ಅಂದಳು. ಕನ್ನಡದಲ್ಲಿ ಮಾತು ಹುಡುಕುತ್ತಿದ್ದಳು. "ಅಂದ್ರೆ ಇಷ್ಟು ದಿನ ಮನೇಲಿ ನೀನು ಒಬ್ಬಳೇ ಇದ್ದೆಯಾ?"

ಇದಕ್ಕೆ ನನ್ನ ಹತ್ತಿರ ಸದಾ ತಯಾರಿರುವ ಉತ್ತರಗಳಿವೆ. ನನಗೇನಾಗೇದ, ನಾ ಗಟ್ಟಿ ಇದ್ದೀನಿ, ನಿನ್ನ ಕೆಲಸ ನೀ ನೋಡ್ಕೊ. ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಹೂಂ, ಒಬ್ಬಾಕಿನೇ ಇದ್ದೆ" ಅಂದೆ. ಅವಳಪ್ಪ ಹೋದಮೇಲೆ ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಕೂಡಲೇ ಅಳು ಬಂತು, ಎಲ್ಲಿತ್ತೋ ಅಷ್ಟು ಅಳು. ನೀಲಾ ನನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿಕಟ್ಟಿನ ಬಾವನ್ನು ಸವರುತ್ತ ಕೂತಳು. ಬಾಂದ್ರಾದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಅವಳು ಎತ್ತಲೇ ಇಲ್ಲ. ಆಮೇಲೆ ನಾನೇ ಎತ್ತಿದೆ.

"ಬಾಂದ್ರಾಕ್ಕ ನಾ ಬರಂಗಿಲ್ಲ, ನೀಲಾ. ಆದ್ರ ಇವತ್ತ ನೀ ಇಲ್ಲೇ ಇರು. ಹೋಗಬ್ಯಾಡ."

ಅವಳು ಎದ್ದು, ಕಿಟಕಿಯ ಹತ್ತಿರ ಹೋಗಿ ಗಂಡನಿಗೆ ಫೋನ್ ಹಚ್ಚಿ, ಇವತ್ತು ಇಲ್ಲೇ ಉಳಿಯುತ್ತೇನೆಂದು ಹಿಂದಿಯಲ್ಲಿ ಹೇಳಿದಳು.

"ಮಲಾಡ್ ಮೇ ಹೂಂ. ಆಜ್ ಇಧರ್‌ಹೀ ರುಕೂಂಗೀ. ನಹೀ ನಹೀ, ಕುಛ್ ನಹೀ ಹುವಾ, ಸಬ್ ಠೀಕ್ ಹೈ. ಅವ್ವ ಬೋಲೀ, ರುಕ್ ಜಾ."

ಆ ಕಡೆ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೋ, ಅವಳಿಗೇ ಇನ್ನೊಮ್ಮೆ ಹೇಳಬೇಕೆನಿಸಿತೋ ಗೊತ್ತಿಲ್ಲ. ‘ಅವ್ವ ಬೋಲೀ, ರುಕ್ ಜಾ’, ಅವ್ವನೇ ಇರು ಅಂದಳು ಎಂಬುದನ್ನು ಮಾತ್ರ ಎರಡು ಸಲ ಹೇಳಿದಳು.